ಮುಚ್ಚಳದ ಕೆಳಗಿನ ಗಾಳಿ

ಹೋದ ಚಳಿಗಾಲದ ಒಂದು ಬೆಳಿಗ್ಗೆ ರಾಯಚೂರಿನಿಂದ ಸಿಂಧನೂರಿಗೆ ಹೊರಟಿದ್ದ ನಮ್ಮ ಬಸ್ಸು ಮಾನ್ವಿಯ ಅಂಚಿನಲ್ಲಿ ಗಾಲಿ ಪಂಚರಾಗಿ ನಿಂತಿತು. ಕಂಡಕ್ಟರು ಬೈಯುತ್ತ ಇಳಿದ, ಅವನ ಹಿಂದೆ ಬೀಡಿ ಸೇದುವವರು ಇಳಿದರು, ಅವರ ಹಿಂದೆ ನಾನೂ ಇಳಿದೆ. ಇಳಿದೊಡನೆ ಭತ್ತದ ಹೊಟ್ಟು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಾವುದೋ ಅಕ್ಕಿ ಗಿರಣಿಯದು. ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದಿತು. ತೋರುಬೆರಳನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿ ಎತ್ತಿ ಹಿಡಿದೆ. ಬೆರಳಿನ ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೋ ಆ ಕಡೆಯಿಂದ ಗಾಳಿ ಬರುತ್ತಿದೆ ಎಂದು ಅರ್ಥ. ಅರವತ್ತು ದಾಟಿದ ಹೆಂಗಸು ರಸ್ತೆಯಲ್ಲಿ ನಿಂತು ಬೆರಳು ಚೀಪಿ ಆಕಾಶಕ್ಕೆ ತೋರಿಸುವುದನ್ನು ಕಂಡು ಬಸ್ಸಿನ ಕಿಟಕಿಯಲ್ಲಿದ್ದ ಒಂದು ಮಗು ತಾನೂ ಹಾಗೇ ಮಾಡಿತು. ನನ್ನ ಬೆರಳು ಎಲ್ಲ ಕಡೆಯೂ ಒಂದೇ ಸಮ ತಣ್ಣಗಾಯಿತು. ಈ ಊರಿನ ಗಾಳಿ ಇಷ್ಟು ವರ್ಷವಾದರೂ ನನಗೆ ನೇರ ಉತ್ತರ ಕೊಡಲು ತಯಾರಿಲ್ಲ. ಸಿಂಧನೂರಿನ ಟಿಕೀಟು ಕೈಯಲ್ಲಿದ್ದರೂ ನಾನು ಊರೊಳಗೆ ನಡೆದೆ.

ಎಂಬತ್ತನೆಯ ಇಸವಿಯ ಚಳಿಗಾಲವನ್ನು ನಾನು ಕಳೆದದ್ದು ಇಲ್ಲಿ. ದೇವಸುಗೂರಿನ ಬಳಿ ಕೃಷ್ಣೆಯ ದಂಡೆಯ ಮೇಲೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಏಳಲಿವೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ಅವು ಏಳುವ ಮೊದಲೇ ಸುತ್ತಲಿನ ಗಾಳಿಯನ್ನು ಅಳೆದಿಟ್ಟುಕೊಳ್ಳಬೇಕು, ಅಳೆದದ್ದನ್ನು ಲೆಕ್ಕದ ಮಾದರಿಯೊಂದಕ್ಕೆ ಹಾಕಿದರೆ ಮುಂದೆ ಯಾವ ಹೊಗೆ ಎತ್ತ ಹೋದೀತೆಂದು ಹೇಳಬಹುದು ಎಂದು ದೂರದ ಊರಿನ ಪ್ರೊಫೆಸರೊಬ್ಬರು ಯೋಜನೆ ಹಾಕಿದ್ದರು. ರಾಯಚೂರು, ದೇವದುರ್ಗ, ಮಾನ್ವಿ ಮೂರು ಕಡೆ ಮೂರು ಠಾಣೆ. ನೆಲದಿಂದ ಒಂದು ಕಿಲೋಮೀಟರಿನ ತನಕದ ಗಾಳಿ ನಮ್ಮ ಪಾಲಿನದು, ಅದಕ್ಕಿಂತ ಮೇಲಿನದು ದೊಡ್ಡವರದು. ರಾಯಚೂರಿನ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವನ ಮಗಳು ನಾನು, ನಮ್ಮ ಓಣಿಯ ಮೊದಲ ಬಿ.ಎಸ್ಸಿ. ಕೆಲಸ ಸಿಕ್ಕ ದಿನ ಅಪ್ಪ ಬುದ್ಧನ ಪಟಕ್ಕೆ ಊದುಬತ್ತಿ ಹಚ್ಚಿ, "ಗಾಳಿ ಅಳ್ಯಾಕ ಪಗಾರ ಕೊಡ್ತಾರೇನವ್ವಾ? ಭಾರಿ ಕಾಲ ಬಂತು ಬಿಡು" ಎಂದು ಬೆರಗಾಗಿದ್ದ. ಬೆರಗು ನನಗೂ ಇತ್ತು, ತೋರಿಸಿಕೊಳ್ಳಲಿಲ್ಲ.

ಮಾನ್ವಿಯಲ್ಲಿ ಮನೆ ಹುಡುಕುವಾಗ ಎಲ್ಲರೂ ಮೊದಲು ಕೆಲಸ ಕೇಳಿದರು, ಆಮೇಲೆ ಊರು ಕೇಳಿದರು, ಮೂರನೆಯ ಪ್ರಶ್ನೆಯ ನಂತರ ಮನೆ ಖಾಲಿ ಇಲ್ಲವೆಂದರು. ಕೊನೆಗೆ ನಮ್ಮವರದೇ ಓಣಿಯಲ್ಲಿ, ಅಕ್ಕಿ ಗಿರಣಿಯ ಹಿಂದೆ, ಒಂದು ಕೋಣೆ ಸಿಕ್ಕಿತು. ಕಲ್ಲುಚಪ್ಪಡಿಯ ಸೂರು, ಹೊರಗೆ ಒಂದು ಬಚ್ಚಲು. ಗಿರಣಿ ದಿನ್ನೆಯ ಮೇಲೆ, ನಮ್ಮ ಓಣಿ ಅದರ ಮೂಡಣಕ್ಕೆ ತಗ್ಗಿನಲ್ಲಿ, ಇನ್ನೂ ಕೆಳಗೆ ಹಳ್ಳ. ನನ್ನ ಜೊತೆಯ ಕೆಲಸಗಾರರು ಖಾದರ್ ಸಾಹೇಬರು. ದೇವದುರ್ಗದ ಕಡೆಯವರು, ನಡುವಯಸ್ಸು ದಾಟಿದವರು, ಹಿಂದೆ ಸರ್ವೇ ಕಚೇರಿಯಲ್ಲಿದ್ದವರು. ಎಲ್ಲ ಕಷ್ಟಕ್ಕೂ ಚಹವೇ ಮದ್ದು ಎಂದು ನಂಬಿದ್ದರು.

ಕೆಲಸ ಹೇಳಿದರೆ ಮಕ್ಕಳಾಟ. ಬಿಳಿ ರಬ್ಬರಿನ ಬಲೂನಿಗೆ ಅನಿಲ ತುಂಬಿ ಬಿಡುವುದು. ಅದು ಒಂದೇ ವೇಗದಲ್ಲಿ ಏರುತ್ತ ಗಾಳಿ ಎಳೆದತ್ತ ಸಾಗುತ್ತದೆ. ಖಾದರ್ ಸಾಹೇಬರು ಥಿಯೋಡೊಲೈಟ್ ಎಂಬ ದುರ್ಬೀನಿನಲ್ಲಿ ಅದನ್ನು ಹಿಂಬಾಲಿಸುತ್ತ ಕೋನಗಳನ್ನು ಕೂಗಬೇಕು, ನಾನು ಬರೆದುಕೊಂಡು ಲೆಕ್ಕ ಹಾಕಿ ಎಷ್ಟು ಎತ್ತರದಲ್ಲಿ ಗಾಳಿ ಯಾವ ದಿಕ್ಕಿಗಿದೆಯೆಂದು ಕಂಡುಹಿಡಿಯಬೇಕು. ಇದಲ್ಲದೆ ಹಗ್ಗ ಕಟ್ಟಿದ ದೊಡ್ಡ ಬಲೂನೊಂದಿತ್ತು. ಅದಕ್ಕೆ ತನ್ನಷ್ಟಕ್ಕೇ ಗೆರೆ ಎಳೆಯುವ ಉಷ್ಣಮಾಪಕ ನೇತುಹಾಕಿ ಮೇಲೆ ಬಿಟ್ಟು ಮತ್ತೆ ಇಳಿಸಿಕೊಳ್ಳುವುದು. ಜನ ನೆರೆಯುತ್ತಿದ್ದರು. "ಗಾಳಿ ಸೇರಿನ್ಯಾಗ ಅಳೀತೀರೋ ಗಜದಾಗ ಅಳೀತೀರೋ?" ಎಂದು ಒಬ್ಬ ಕೇಳಿದರೆ, "ಕೊಳವಿ ಕಟ್ಟೋದು ದೇವಸುಗೂರಾಗ, ಮಾನ್ವಿ ಗಾಳಿ ಮ್ಯಾಲ ಯಾಕ ಕಣ್ಣು?" ಎಂದು ಇನ್ನೊಬ್ಬ. ಖಾದರ್ ಸಾಹೇಬರು ದುರ್ಬೀನಿನಿಂದ ಕಣ್ಣು ತೆಗೆಯದೆ, "ಗಾಳಿಗಿ ತಾಲ್ಲೂಕು ಎಲ್ಲಿ ಗೊತ್ತದ ತಮ್ಮಾ" ಎನ್ನುತ್ತಿದ್ದರು.

ಒಂದು ಸಂಜೆ ಪಕ್ಕದ ಮನೆಯ ದ್ಯಾವಮ್ಮ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಂದಳು. ಸೊಂಟದ ಮೇಲೆ ಕೂರುವ ವಯಸ್ಸಲ್ಲ ಅದಕ್ಕೆ. ಶಾಲೆಗೆ ಹೋಗುವ ಹುಡುಗಿ, ಹೆಸರು ಭೀಮಿ. ಉಸಿರು ಎಳೆಯುವಾಗ ಕೊರಳ ಗುಣಿ ಒಳಗೆ ಹೋಗುತ್ತಿತ್ತು, ಬಿಡುವಾಗ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ದ್ಯಾವಮ್ಮ ಗಿರಣಿಯ ಕೂಲಿ. ಯಂತ್ರದ ಹಿಂದೆ ಗುಡ್ಡೆ ಬೀಳುವ ಹೊಟ್ಟನ್ನು ಬುಟ್ಟಿಯಲ್ಲಿ ಹೊತ್ತು ಬಾಯ್ಲರಿನ ಬಾಯಿಗೆ ಸುರಿಯುವುದು ಅವಳ ಕೆಲಸ. ಗಂಡ ಸಿರವಾರದ ಪೇಟೆಯಲ್ಲಿ ಹಮಾಲಿ, ವಾರಕ್ಕೊಮ್ಮೆ ಬರುವವನು.

"ಅಕ್ಕಾರ, ನೀವು ಗಾಳಿ ಓದಿದೋರು. ಗಿರಣಿ ಹೊಗಿ ನಮ್ಮ ಓಣಿಗಿ ಬರ್ತದೋ ಇಲ್ಲೋ ಅಷ್ಟು ಹೇಳ್ರಿ. ಇಕಿಗಿ ದಮ್ಮು. ದವಾಖಾನಿ ಡಾಕ್ಟರು ಹೊಗಿ ಬ್ಯಾಡ, ಧೂಳು ಬ್ಯಾಡ, ಚಳಿ ಬ್ಯಾಡ ಅಂತಾರ. ಮೂರೂ ಬ್ಯಾಡ ಅಂದ್ರ ಮಂದಿ ಎಲ್ಲಿರ್ಬೇಕ್ರಿ?"

ನಾನು ನಕ್ಕೆ. ಅವಳು ನಗಲಿಲ್ಲ. "ಕಲ್ಲೂರಾಗ ನಮ್ಮವ್ವ ಇದ್ದಾಳ್ರಿ. ಕಳಸು ಅಂತಾಳ. ಅಲ್ಲೇ ಸಾಲಿಗಿ ಹಾಕ್ತೀವಂತ ನಮ್ಮಣ್ಣ ಅಂತಾನ. ಒಮ್ಮಿ ಕಳಿಸಿದ್ರ ಇದು ಅವರ ಮಗಳಾಗ್ತದ್ರಿ, ನನಗ ಬರೀ ಹೆಸರಿಗಿ. ಇರೋದು ಇದೊಂದು. ಹೊಗಿ ಬರೋದು ಖರೇ ಇದ್ರ ಎದಿ ಕಲ್ಲು ಮಾಡ್ಕೊಂಡು ಕಳಸ್ತೀನಿ. ಸುಳ್ಳಿದ್ರ ಯಾಕ ಕಳಸ್ಲಿ?"

ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಓದನ್ನು ನಂಬಿ ಒಬ್ಬರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಆ ತನಕ ಅಳೆದಿದ್ದನ್ನೆಲ್ಲ ಹರಡಿ ನೋಡಿದೆ. ಬೆಳಿಗ್ಗೆ ಕಚೇರಿ ಹೊತ್ತಿಗೆ ಬಿಟ್ಟ ಬಲೂನುಗಳೂ ಸಂಜೆಯ ಬಲೂನುಗಳೂ ಒಂದೇ ಮಾತು ಹೇಳುತ್ತಿದ್ದವು. ಚಳಿಗಾಲದ ಮೂಡಗಾಳಿ, ಗಿರಣಿಯ ಹೊಗೆಯನ್ನು ಪಡುವಣದ ಹೊಲಗಳ ಮೇಲೆ ತಳ್ಳುತ್ತದೆ. ಓಣಿಯಿರುವುದು ಮೂಡಣಕ್ಕೆ. ಮಾದರಿಯ ಸೂತ್ರಕ್ಕೆ ಅಂಕಿ ತುಂಬಿ ನೋಡಿದಾಗ ಓಣಿಯಲ್ಲಿ ಬೀಳುವ ಬೂದಿ ಸೊನ್ನೆ ಎಂದು ಬಂತು. ಮರುದಿನವೇ ಹೇಳಿದೆ: "ಹೊಗಿ ನಿಮ್ಮ ಕಡಿ ಬರೋದಿಲ್ಲ ದ್ಯಾವಮ್ಮ. ಹುಡುಗೀನ್ನ ಇಟ್ಕೋ."

ಅವಳು ತನ್ನ ಅಂಗಳದ ನೀರಿನ ಕೊಡವನ್ನು ತಂದು ಮುಂದಿಟ್ಟಳು. ನೀರಿನ ಮೇಲೆ ಕರಿಬೂದಿ ತೇಲುತ್ತಿತ್ತು. "ಹಂಗಾದ್ರ ಇದೇನ್ರಿ?"

ನನ್ನ ಗೊಂದಲ ಶುರುವಾದದ್ದು ಆ ಕೊಡದಿಂದ. ಊರಲ್ಲಿ ವಿಚಾರಿಸಿದರೆ ಇನ್ನೂ ಕಲಸುಮೇಲೋಗರವಾಯಿತು. ಚಹದಂಗಡಿಯವನು ಗಾಳಿ ಬಡಗಣದ್ದು ಎಂದ. ಕಣದಲ್ಲಿ ರಾಶಿ ತೂರುತ್ತಿದ್ದ ರೈತನೊಬ್ಬ ತೆಂಕಣದ್ದು ಎಂದು ಆಣೆ ಮಾಡಿದ, ಆದರೆ ಅವನು ತೂರಿದ ಹೊಟ್ಟು ಅವನ ಮುಖಕ್ಕೇ ಬರುತ್ತಿತ್ತು. ಗಿರಣಿಯ ಮಾಲಕರಾದ ಶರಣಬಸಪ್ಪ ಸಾವುಕಾರರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದವರು, "ನಿಮ್ಮ ಲೆಕ್ಕ ಬರೋಬ್ಬರಿ ಅದ ಬಿಡ್ರಿ ಬಾಯಾರ, ಹೊಗಿ ಹೊಲಕ್ಕ ಹೊಂಟದ" ಎಂದು ಸಂತೋಷಪಟ್ಟರು. ಅವರ ಸಂತೋಷ ನೋಡಿ ನನಗೆ ನನ್ನ ಲೆಕ್ಕದ ಮೇಲೇ ಅನುಮಾನ ಹೆಚ್ಚಿತು.

ಕಾರ್ತಿಕ ಮುಗಿದು ಚಳಿ ಬಿಗಿಯಾದ ಒಂದು ಬೆಳಿಗ್ಗೆ ಭೀಮಿಯ ಕೆಮ್ಮಿಗೆ ಎಚ್ಚರವಾಗಿ ಹೊರಗೆ ಬಂದೆ. ಮೂಡಣ ಆಗಷ್ಟೇ ಬೆಳ್ಳಗಾಗುತ್ತಿತ್ತು. ಗಿರಣಿಯ ಚಿಮಣಿ ಆಗಲೇ ಹೊಗೆ ಕಾರುತ್ತಿತ್ತು. ಆ ಹೊಗೆ ಒಂದಾಳೆತ್ತರ ಏರಿ, ಮುಂದೆ ಹೋಗಲು ಮನಸ್ಸಿಲ್ಲದಂತೆ ನಿಂತು, ಮೆಲ್ಲಗೆ ಬಾಗಿ, ದಿನ್ನೆಯಿಂದ ಕೆಳಗೆ ಇಳಿದು ಬರುತ್ತಿತ್ತು. ಓಣಿಯ ಸೂರುಗಳ ಮೇಲೆ ಹಚ್ಚಡ ಹೊದಿಸಿದ ಹಾಗೆ ಹರಡಿಕೊಂಡು ಹಳ್ಳದ ಕಡೆ ಜಾರುತ್ತಿತ್ತು. ಹೊಗೆ ಮೇಲೆ ಹೋಗುತ್ತದೆ ಎಂದು ನಾನು ಓದಿದ್ದೆ. ಇದು ನೀರಿನ ಹಾಗೆ ಇಳಿಜಾರು ಹುಡುಕುತ್ತಿತ್ತು. ಎಲೆಯೊಂದು ಅಲ್ಲಾಡುತ್ತಿರಲಿಲ್ಲ.

ಆಗ ಹೊಳೆಯಿತು. ಗಿರಣಿಯಲ್ಲಿ ರಾತ್ರಿಯಿಡೀ ಭತ್ತ ನೆನೆಸುತ್ತಾರೆ. ಅದನ್ನು ನಸುಕಿನಲ್ಲೇ ಉಗಿಯಲ್ಲಿ ಬೇಯಿಸಿ ಬಿಸಿಲೇರುವಷ್ಟರಲ್ಲಿ ಕಲ್ಲಿನ ಕಣದ ಮೇಲೆ ಹರವಬೇಕು, ಸಂಜೆಯೊಳಗೆ ಅದು ಒಣಗಬೇಕು. ಹಾಗಾಗಿ ಬಾಯ್ಲರು ಉರಿಯುವುದು ನಸುಕಿನಲ್ಲಿ. ನಾವು ಗಾಳಿ ಅಳೆಯುತ್ತಿದ್ದುದು ಚಹ ಕುಡಿದು, ಹಾಜರಿ ಹಾಕಿ, ಬಿಸಿಲು ಬಿದ್ದ ಮೇಲೆ. ಹೊಗೆ ಇರುವಾಗಿನ ಗಾಳಿಯನ್ನು ನಾವು ಅಳೆದೇ ಇರಲಿಲ್ಲ. ಪ್ರೊಫೆಸರಿಂದ ಹಿಡಿದು ನನ್ನವರೆಗೆ ಯಾರಿಗೂ ಇದು ತಲೆಗೆ ಬಂದಿರಲಿಲ್ಲ, ಏಕೆಂದರೆ ನಮ್ಮ ಪೈಕಿ ಯಾರೂ ಭತ್ತ ಬೇಯಿಸಿದವರಲ್ಲ.

ನಾಳೆಯಿಂದ ನಸುಕಿನಲ್ಲೇ ಬಲೂನು ಬಿಡೋಣವೆಂದಾಗ ಖಾದರ್ ಸಾಹೇಬರು ಮಫ್ಲರು ಸುತ್ತಿಕೊಂಡು ನಿಟ್ಟುಸಿರು ಬಿಟ್ಟರು. ಮೊದಲ ದಿನ ಹಗ್ಗದ ಬಲೂನು ಇಳಿಸಿ ಉಷ್ಣಮಾಪಕದ ಗೆರೆ ನೋಡಿದರೆ ಮೇಲೆ ಹೋದಂತೆ ಗಾಳಿ ಬೆಚ್ಚಗಾಗುತ್ತಿತ್ತು. ಎತ್ತರ ಏರಿದಂತೆ ತಂಪಾಗಬೇಕು, ಅದು ಶಾಲೆಯ ಪಾಠ. ಯಂತ್ರ ಕೆಟ್ಟಿದೆ ಎಂದು ನಾನು, ಇಲ್ಲವೆಂದು ಅವರು. ಕೊನೆಗೆ ಅವರು ಅದನ್ನು ಕಂಕುಳಲ್ಲಿ ಹಿಡಿದು ಕೂತು, "ನನಗ ಜ್ವರ ಇಲ್ಲ, ಇದಕ್ಕೂ ಇಲ್ಲ. ಮಿಷನ್ನು ಚಲೋ ಅದ" ಎಂದು ತೀರ್ಪು ಕೊಟ್ಟರು. ಮರುದಿನ ಬಿಡಿ ಬಲೂನು. ಸಾಹೇಬರು ಕೋನ ಕೂಗಿದರು, ನಾನು ಬರೆದೆ. ಮತ್ತೆ ಅದೇ ಕೋನ. ಮತ್ತೆ ಅದೇ. "ನಿಂತುಬಿಟ್ಟದ ಸುಜಾತಮ್ಮಾ! ಮ್ಯಾಲ ಗಾಳೀನೇ ಇಲ್ಲ" ಎಂದು ಉದ್ಗಾರ ತೆಗೆದರು. ಗಾಳಿಯೇ ಇಲ್ಲದ ಆಕಾಶದ ಮೇಲೆ ಒಂದು ಪ್ರಬಂಧ ಬರೆಯುವ ಕನಸು ಕಾಣುತ್ತ ನಾನೂ ದುರ್ಬೀನಿಗೆ ಕಣ್ಣಿಟ್ಟೆ. ಬಲೂನು ಸ್ವಲ್ಪ ಹೆಚ್ಚೇ ಹೊಳೆಯುತ್ತಿತ್ತು. ಅದು ಬೆಳ್ಳಿಚುಕ್ಕಿ. ಬಲೂನು ಎಲ್ಲೋ ಕಣ್ತಪ್ಪಿಹೋಗಿ ನಾವು ಶುಕ್ರನನ್ನು ಹಿಂಬಾಲಿಸುತ್ತಿದ್ದೆವು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವಮಾನಕ್ಕೆ ಆ ಹಾಳೆಯನ್ನು ಒಲೆಗೆ ಹಾಕಿದೆ.

ಸರಿಯಾದ ಬಲೂನನ್ನು ನೋಡಲು ಕಲಿತ ಮೇಲೆ ಚಿತ್ರ ಸ್ವಲ್ಪ ಸ್ವಲ್ಪವೇ ಕೂಡಿಬಂತು. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ ತನ್ನ ಮೈಗೆ ತಾಗಿದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ತಣ್ಣನೆಯ ಗಾಳಿ ಭಾರ. ಅದು ಕೆಳಗೇ ಉಳಿದು ತಗ್ಗಿನ ಕಡೆ ಹರಿಯುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿ ಕೂತಿರುತ್ತದೆ. ಹೊತ್ತೇರಿ ನೆಲ ಕಾದಾಗ ಮುಚ್ಚಳ ಬಿಚ್ಚಿಕೊಳ್ಳುತ್ತದೆ, ಆಗ ಮೂಡಗಾಳಿ ಕೆಳಗಿಳಿಯುತ್ತದೆ. ಸಾವುಕಾರರ ಚಿಮಣಿ ಮುಚ್ಚಳದ ಸ್ವಲ್ಪವೇ ಕೆಳಗಿತ್ತು. ನಮ್ಮ ಓಣಿ ಮುಚ್ಚಳದ ಪೂರಾ ಕೆಳಗಿತ್ತು.

ಇದನ್ನು ಸಾವುಕಾರರಿಗೆ ಬಿಡಿಸಿ ಹೇಳಿದೆ. ಅವರು ಕೆಟ್ಟವರಲ್ಲ. ಪ್ರತಿ ಅಮಾವಾಸ್ಯೆ ದೇವಸುಗೂರಿಗೆ ಹೋಗಿ ಸುಗೂರೇಶ್ವರನಿಗೆ ಕಾಯಿ ಒಡೆಸಿ ಬರುತ್ತಿದ್ದವರು. ಹುಡುಗಿಯ ವಿಷಯ ಹೇಳಿದಾಗ ಕೈಯಲ್ಲಿದ್ದ ಚಹದ ಬಸಿ ಕೆಳಗಿಟ್ಟರು. "ಕೂಸಿನ ಉಸುರಿಗಿ ಕೈ ಹಾಕಿದ ಪಾಪ ನನಗ ಬ್ಯಾಡ್ರಿ. ಏನ್ ಮಾಡಬೇಕು ಹೇಳ್ರಿ."

"ಬಾಯ್ಲರ್ ಹೊತ್ತು ಏರಿದ ಮ್ಯಾಲ ಹಚ್ರಿ. ಮುಚ್ಚಳ ಬಿಚ್ಚಿರ್ತದ, ಹೊಗಿ ಮ್ಯಾಲ ಹೋಗ್ತದ."

ಅವರು ಒಪ್ಪಿದರು. ಒಪ್ಪದಿದ್ದವರು ಗಿರಣಿಯ ಹೆಂಗಸರು. ಮರುದಿನ ಓಣಿಯ ಕಟ್ಟೆಯ ಮುಂದೆ ಎಲ್ಲರೂ ಸೇರಿ ನನ್ನನ್ನು ಕರೆಸಿದರು. ಅಷ್ಟು ತಡವಾಗಿ ಬೇಯಿಸಿದರೆ ಹರವುವುದು ಮಧ್ಯಾಹ್ನಕ್ಕೆ ಬೀಳುತ್ತದೆ, ಭತ್ತ ಅಂದೇ ಒಣಗುವುದಿಲ್ಲ, ದಿನಬಿಟ್ಟು ದಿನ ಗಿರಣಿ, ಅರ್ಧ ಜನರಿಗೆ ಕೆಲಸವಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವಳು ದ್ಯಾವಮ್ಮ.

"ಅಕ್ಕಾರ, ನಾನು ಗಾಳಿ ಯಾವ ಕಡಿ ಹೊಂಟದ ಅಂತ ಕೇಳೀನಿ. ಗಿರಣಿ ನಿಂದರ್ಸು ಅಂತ ಕೇಳಿಲ್ಲ. ನನ್ನ ಮಗಳ ಸಲುವಾಗಿ ಇಷ್ಟು ಮಂದಿ ಒಲಿ ಆರಿದ್ರ ನಾ ಹ್ಯಾಂಗ ಬಾಳೇವು ಮಾಡ್ಲಿ ಇಲ್ಲಿ?"

ನನಗೆ ಸಿಟ್ಟು ಬಂತು. ಇಷ್ಟು ದಿನ ನಸುಕಿನ ಚಳಿಯಲ್ಲಿ ನಡುಗಿದ್ದು ಯಾರಿಗಾಗಿ ಎನಿಸಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗಲಿಲ್ಲ. ಉಳಿದದ್ದು ಇನ್ನೊಂದೇ ದಾರಿ, ಚಿಮಣಿಯನ್ನು ಮುಚ್ಚಳದಾಚೆಗೆ ಎತ್ತರಿಸುವುದು. ತಗಡು ರಾಯಚೂರಿನಿಂದ ಬರಬೇಕು, ಬೆಸುಗೆಯವನು ಸಿಗಬೇಕು. ಸಂಕ್ರಾಂತಿ ದಾಟುತ್ತದೆ ಎಂದರು ಸಾವುಕಾರರು.

ಭೀಮಿಯ ಎದೆ ಸಂಕ್ರಾಂತಿಯವರೆಗೆ ಕಾಯಲಿಲ್ಲ. ಒಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. ನಾನೂ ದ್ಯಾವಮ್ಮನೂ ಖಾದರ್ ಸಾಹೇಬರೂ ಸೇರಿ ದವಾಖಾನೆಗೆ ಹೊತ್ತುಕೊಂಡು ಓಡಿದೆವು. ಸೂಜಿ ಚುಚ್ಚಿದ ಮೇಲೆ ಉಸಿರು ಬಂತು. ಅಂದೇ ಅವಳ ಸೋದರಮಾವ ಬಂದು ಕಲ್ಲೂರಿಗೆ ಕರೆದುಕೊಂಡು ಹೋದ. ಬಸ್ಸು ಹೊರಟಾಗ ದ್ಯಾವಮ್ಮ ಅಳಲಿಲ್ಲ. ಬಸ್ಸು ಮರೆಯಾದ ಮೇಲೆ ನೇರ ಗಿರಣಿಗೆ ಹೋಗಿ ಬುಟ್ಟಿ ಎತ್ತಿಕೊಂಡಳು. ಕಲ್ಲೂರಿನಿಂದ ಬಂದವರೆಲ್ಲ ಹುಡುಗಿ ಆರಾಮಾಗಿದ್ದಾಳೆ, ರಾತ್ರಿ ನಿದ್ದೆ ಮಾಡುತ್ತಾಳೆ ಎಂದರು. ಹೊಗೆಯದೇ ಕಾಟ ಎಂದು ಎಲ್ಲರೂ ತೀರ್ಮಾನಿಸಿದರು. ನನಗೂ ಗೆದ್ದ ಹಾಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಎಳ್ಳಮಾವಾಸ್ಯೆಗೆ ದ್ಯಾವಮ್ಮ ನನ್ನನ್ನೂ ಕಲ್ಲೂರಿಗೆ ಕರೆದಳು. ಗಿರಣಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬುಟ್ಟಿ ಮೂಲೆಗೆ ಎಸೆದವಳೇ ಬಸ್ಸಿಗೆ ಓಡಿ ಬಂದಳು. ಮನೆಗೆ ಹೋಗಿ ಸೀರೆ ಬದಲಿಸಿದರೆ ಬಸ್ಸು ತಪ್ಪುತ್ತಿತ್ತು. ಆ ಹೊತ್ತಿಗೆ ಹಿಂಡುಹಿಂಡಾಗಿ ಜನ ಹೊಲಗಳಿಗೆ ಹೊರಟಿದ್ದರು. ಅವಳ ತವರಿನವರು ಪಾಲಿಗೆ ಮಾಡುತ್ತಿದ್ದ ಹೊಲದಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಸಜ್ಜಿ ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ, ಭೂಮಿತಾಯಿಗೆಂದು ಹೊಲದ ತುಂಬ ಚರಗ ಚೆಲ್ಲಿ ಆಗಿತ್ತು. ಆಕಾಶ ತೊಳೆದ ಹಾಗಿತ್ತು. ಒಂದು ಚಿಮಣಿಯಿಲ್ಲ, ಹೊಗೆಯ ಎಳೆಯಿಲ್ಲ. ಭೀಮಿ ಬದುವಿನ ಮೇಲಿಂದ ಓಡಿ ಬಂದು ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಹುದುಗಿಸಿದವಳು ಏಳಲೇ ಇಲ್ಲ. ದ್ಯಾವಮ್ಮ ತಿನ್ನಿಸುತ್ತ, ತಲೆ ನೇವರಿಸುತ್ತ, ಏನೇನೋ ಹೇಳುತ್ತ ಇದ್ದಳು.

ನಾವಿನ್ನೂ ಊಟದ ಕೈ ತೊಳೆದಿರಲಿಲ್ಲ. ಆ ಸಿಳ್ಳೆ ಕೇಳಿಸಿತು.

ಮೊದಲು ನಾನು ಸುತ್ತ ನೋಡಿದೆ, ಹೊಗೆ ಎಲ್ಲಿಂದ ಬಂತೆಂದು. ನನಗೆ ಬೇರೇನೂ ನೋಡಲು ಬರುತ್ತಿರಲಿಲ್ಲ. ಅಜ್ಜಿ ಮಾತ್ರ ಮಗಳ ಸೆರಗನ್ನು ಹಿಡಿದು ಒಮ್ಮೆ ಕೊಡವಿದಳು. ಬಿಸಿಲಿನಲ್ಲಿ ಸಣ್ಣ ಧೂಳು ಎದ್ದು ಅಲ್ಲೇ ನಿಂತಿತು. ಹೊಟ್ಟಿನ ಪುಡಿ, ಮೈಗೆ ತಾಗಿದರೆ ತುರಿಸುವ ಭತ್ತದ ಸುಂಕು. ಸೆರಗಿನಲ್ಲಿ, ನಿರಿಗೆಯಲ್ಲಿ, ತಲೆಗೂದಲಲ್ಲಿ ಎಲ್ಲ ಕಡೆ ಅದೇ. ದ್ಯಾವಮ್ಮ ಆ ಧೂಳನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಹುಡುಗಿಯನ್ನು ಮಡಿಲಿನಿಂದ ಆಚೆ ತಳ್ಳಿದಳು. "ದೂರ ಹೋಗು. ನನ್ನ ಹತ್ರ ಬರಬ್ಯಾಡ. ಯವ್ವಾ, ಇದನ್ನ ಹಿಡ್ಕೋ." ಉಸಿರಿಗಾಗಿ ಒದ್ದಾಡುತ್ತಲೇ ಹುಡುಗಿ ಅವ್ವನ ಕಡೆಗೇ ಕೈ ಚಾಚುತ್ತಿತ್ತು. ದ್ಯಾವಮ್ಮ ಜೋಳದ ಸಾಲಿನೊಳಗೆ ಹಿಂದೆ ಹಿಂದೆ ಹೋದಳು. ಅದನ್ನು ನೋಡಿದ ನನ್ನ ಕಣ್ಣು ಅಂದಿನಿಂದ ಎಷ್ಟೋ ಬಿರುಗಾಳಿ ನೋಡಿದೆ, ಹಾಗೆ ಒದ್ದೆಯಾಗಿಲ್ಲ.

ಅಜ್ಜಿಯ ಮಡಿಲಲ್ಲಿ ಹುಡುಗಿಯ ಉಸಿರು ತಹಬಂದಿಗೆ ಬಂದ ಮೇಲೆ ನಾವಿಬ್ಬರೂ ಹೊರಟೆವು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ಕೆಟ್ಟಿತ್ತು. ಒಂದು ಕಿಲೋಮೀಟರಿನ ಗಾಳಿಯನ್ನು ಪದರ ಪದರವಾಗಿ ಬಿಡಿಸಿದ್ದೆ. ಅವ್ವನ ಸೆರಗಿಗೂ ಮಗಳ ಮೂಗಿಗೂ ನಡುವಿನ ಗಾಳಿ ನನ್ನ ಯಾವ ಪದರದಲ್ಲೂ ಇರಲಿಲ್ಲ. ಹಾಗಂತ ಸೆರಗೇ ಕಾರಣವೆಂದು ಹೇಗೆ ಹೇಳುವುದು? ಜೋಳದ ತೆನೆಯಲ್ಲೂ ಸುಂಕಿತ್ತು. ಹುಡುಗಿ ಓಡಿ ಬಂದಿದ್ದಳು. ಓಣಿಯ ಕೊಡದಲ್ಲಿ ಬೂದಿ ತೇಲಿದ್ದು ಸುಳ್ಳಾಗಿರಲಿಲ್ಲ. ಪಕ್ಕದಲ್ಲಿ ದ್ಯಾವಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಸಿರವಾರದ ಕಡೆ ಹೋಗುವ ಕವಲು ದಾಟಿದ ಮೇಲೆ ಒಂದೇ ಮಾತು ಕೇಳಿದಳು: "ಅಕ್ಕಾರ, ನಿಮ್ಮ ಬಚ್ಚಲದಾಗ ದಿನಾ ಒಂದು ಕೊಡ ನೀರು ಹಾಕ್ಕೊಳ್ಳೇನ್ರಿ?"

ಸಂಕ್ರಾಂತಿ ಕಳೆದು ಚಿಮಣಿ ಎದ್ದಿತು. ಸಾವುಕಾರರು ಅದಕ್ಕೂ ಕಾಯಿ ಒಡೆಸಿದರು. ಮೊದಲ ನಸುಕಿನಲ್ಲಿ ನಾನೂ ಖಾದರ್ ಸಾಹೇಬರೂ ಮನೆಯ ಸೂರಿನ ಮೇಲೆ ನಿಂತು ನೋಡಿದೆವು. ಹೊಗೆ ಮುಚ್ಚಳ ದಾಟಿ ಮೇಲೆ ಹೋಗಿ, ಬೇರೆಯದೇ ಗಾಳಿ ಹಿಡಿದು ಪಡುವಣಕ್ಕೆ ತಿರುಗಿತು. ಎಲ್ಲ ದಿನವೂ ಹಾಗೇ ಆಗಲಿಲ್ಲ, ಕೆಲವು ದಿನ ಮುಚ್ಚಳವೇ ಚಿಮಣಿಗಿಂತ ಮೇಲಿರುತ್ತಿತ್ತು. ಭೀಮಿ ತಿರುಗಿ ಬಂದಳು. ಸಂಜೆ ಗಿರಣಿ ಬಿಟ್ಟಮೇಲೆ ದ್ಯಾವಮ್ಮ ತನ್ನ ಮನೆಯ ಮುಂದಿನಿಂದ ಮುಖ ತಿರುಗಿಸಿಕೊಂಡು ನನ್ನ ಬಚ್ಚಲಿಗೆ ಬರುತ್ತಿದ್ದಳು. ತಲೆಗೂ ನೀರು ಹಾಕಿಕೊಂಡು, ಅಲ್ಲೇ ಇಟ್ಟಿದ್ದ ಬೇರೆ ಸೀರೆ ಉಟ್ಟು, ಗಿರಣಿಯ ಸೀರೆಯನ್ನು ಹೊರಗೆ ಬೇಲಿಯ ಮೇಲೆ ಹಾಕಿ, ನನ್ನ ಹೊಸ್ತಿಲಲ್ಲಿ ನಿಂತು ಕೈ ಚಾಚಿ ಕೂಗುತ್ತಿದ್ದಳು: "ಈಗ ಬಾ." ಅಷ್ಟು ಹೊತ್ತು ತಮ್ಮ ಕಟ್ಟೆಯ ಮೇಲೆ ಕೈಕಟ್ಟಿ ಕೂತಿರುತ್ತಿದ್ದ ಹುಡುಗಿ ಒಂದೇ ಓಟಕ್ಕೆ ಬಂದು ಬೀಳುತ್ತಿತ್ತು.

ಭೀಮಿಯ ಸಿಳ್ಳೆ ಕಡಿಮೆಯಾಗುತ್ತ ಬಂತು, ಬೇಸಗೆಯ ಹೊತ್ತಿಗೆ ನಿಂತಿತು. ಪ್ರೊಫೆಸರು ಒಮ್ಮೆ ಬಂದಾಗ ಎಲ್ಲ ಕೇಳಿ ತಲೆದೂಗಿ, ಚಿಮಣಿ ಎತ್ತರಿಸಿದ್ದು, ಸೀರೆ ಬದಲಿಸಿದ್ದು, ಚಳಿ ಇಳಿದದ್ದು ಮೂರೂ ಒಂದೇ ಸಲ ಆದ್ದರಿಂದ ಯಾವುದರಿಂದ ಗುಣವಾಯಿತೆಂದು ಹೇಳಲಾಗದು ಎಂದರು. ಒಂದೊಂದಾಗಿ ಬದಲಿಸಿದ್ದರೆ ತಿಳಿಯುತ್ತಿತ್ತಂತೆ. ಅವರ ಮಾತು ಸರಿ. ಮಗುವಿನ ಉಸಿರಿನ ಮೇಲೆ ಒಂದೊಂದಾಗಿ ನೋಡುವ ಧೈರ್ಯ ಅವರಿಗಿದ್ದೀತು, ನನಗಿರಲಿಲ್ಲ. ಮಳೆಗಾಲಕ್ಕೆ ಮೊದಲು ಠಾಣೆ ಮುಚ್ಚಿತು. ನನಗೆ ಬೇರೆ ಊರಿನಲ್ಲಿ ಬೇರೆ ಗಾಳಿ ಸಿಕ್ಕಿತು. ಮಾದರಿ ಕೊನೆಗೆ ಏನು ಹೇಳಿತೆಂದು ಮಾನ್ವಿಯಲ್ಲಿ ಯಾರೂ ಕೇಳಲಿಲ್ಲ.

ಹೋದ ಚಳಿಗಾಲ ಆ ಓಣಿಯ ತಿರುವಿನಲ್ಲಿ ನಿಂತಾಗ ಗಿರಣಿಯ ಜಾಗದಲ್ಲಿ ಕಲ್ಯಾಣಮಂಟಪ ಕಂಡಿತು. ಸಾವುಕಾರರು ತೀರಿಕೊಂಡು ಗಿರಣಿ ಮುಚ್ಚಿ ಬಹಳ ವರ್ಷಗಳಾಗಿವೆಯಂತೆ. ಹೊಟ್ಟಿನ ವಾಸನೆ ಊರಾಚೆಯ ಹೊಸ ಗಿರಣಿಗಳದು. ದ್ಯಾವಮ್ಮ ನನ್ನ ಹಳೆಯ ಕೋಣೆಯನ್ನೂ ಸೇರಿಸಿಕೊಂಡು ಮನೆ ದೊಡ್ಡದು ಮಾಡಿದ್ದಳು. ಬಚ್ಚಲು ಅಲ್ಲೇ ಇತ್ತು. ನನ್ನನ್ನು ಗುರುತಿಸಲು ತಡಮಾಡಲಿಲ್ಲ. "ಗಾಳಿ ಅಕ್ಕಾರ!" ಎಂದು ಕೈ ಹಿಡಿದು ಕೂಡಿಸಿದಳು. ಭೀಮವ್ವ ಈಗ ದೇವದುರ್ಗದಲ್ಲಿ ಶಾಲೆಯ ಟೀಚರಂತೆ, ಇಬ್ಬರು ಮಕ್ಕಳಂತೆ, ರಜೆಯೆಂದು ಈ ಮಧ್ಯಾಹ್ನದ ಬಸ್ಸಿಗೇ ಬರುತ್ತಿದ್ದಾಳಂತೆ. ಖಾದರ್ ಸಾಹೇಬರು ಹೋಗಿಬಿಟ್ಟ ಸುದ್ದಿಯನ್ನೂ ಅವಳೇ ಹೇಳಿದಳು.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. "ಅಕ್ಕಾರ, ನಿಮ್ಮನ್ನ ಒಂದು ಮಾತು ಕೇಳಬೇಕಂತ ಇಷ್ಟು ವರ್ಷ ಇಟ್ಕೊಂಡೀನಿ. ಆವಾಗ ಹೊಗಿ ಇತ್ತೋ, ನಾನಿದ್ದೆನೋ?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅರ್ಧ ಡಿಗ್ರಿ ಹೆಚ್ಚುಕಡಿಮೆ ಬರೆದರೂ ಖಾದರ್ ಸಾಹೇಬರ ಜೊತೆ ಜಗಳಕ್ಕೆ ಬೀಳುತ್ತಿದ್ದವಳು ನಾನು. ಅಳೆಯದ್ದನ್ನು ಹೇಳಬಾರದೆಂದು ಎಷ್ಟೋ ಹುಡುಗರಿಗೆ ಪಾಠ ಮಾಡಿದವಳು.

"ಹೊಗಿ, ದ್ಯಾವಮ್ಮ," ಎಂದೆ. "ಹೊಗೀನೇ. ನೀನಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಹಂಗೇನ್ರಿ" ಎಂದು ನಿಧಾನಕ್ಕೆ ಎದ್ದಳು. ಹಗ್ಗದ ಮೇಲಿದ್ದ ಒಗೆದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುವ ಸದ್ದು ಕೇಳಿಸಿತು.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ತುಂಬು ಮೈಯ ಹೆಂಗಸೊಬ್ಬಳು ಅಂಗಳಕ್ಕೆ ಬಂದಳು. ಕೊರಳ ಗುಣಿಯಿಂದ ಗುರುತು ಹಿಡಿದೆ. ಅವಳು ಬಚ್ಚಲಿನ ಮುಚ್ಚಿದ ಬಾಗಿಲನ್ನೂ ನನ್ನನ್ನೂ ನೋಡಿ ನಕ್ಕಳು. "ಗಿರಣಿ ಮುಚ್ಚಿ ಎಷ್ಟು ವರ್ಷ ಆತ್ರಿ. ನಾ ಬರ್ತೀನಂದ್ರ ಇವತ್ತಿಗೂ ಮೊದಲು ಬಚ್ಚಲಕ್ಕ ಹೋಗ್ತಾಳ. ಬಿಡು ಅಂದ್ರ ಬಿಡಂಗಿಲ್ಲ." ಹಾಗೆಂದು ಒಳಗೆ ಬರದೆ, ಚೀಲ ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೈಕಟ್ಟಿ ಕೂತಳು.

ಬಚ್ಚಲಿನ ಬಾಗಿಲು ತೆರೆಯಿತು. ಬಿಳಿಗೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ದ್ಯಾವಮ್ಮ ಹೊಸ್ತಿಲಲ್ಲಿ ನಿಂತು ಎರಡೂ ಕೈ ಚಾಚಿದಳು.

"ಈಗ ಬಾ."